ಹೆಣ್ಣುಕುದುರೆಯ ಗೊಡ್ಡುತನವೂ ಒಡೆಯನ ಹೊಣೆಯೂ

ಹೆಣ್ಣುಕುದುರೆಯೊಂದು ಎರಡು ವರ್ಷ ಮರಿಹಾಕದೆ ನಿಂತಿತೆಂದರೆ ಅದಕ್ಕೆ ಗೊಡ್ಡು ಎಂಬ ಹೆಸರು ಬೀಳಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಒಡೆಯನು ಅದನ್ನು ಒಂದು ಬೀಜದ ಕುದುರೆಯ ಬಳಿಯಿಂದ ಇನ್ನೊಂದರ ಬಳಿಗೆ ನಡೆಸುತ್ತಾನೆ; ಒಂದೊಂದು ಬೆದೆಯಲ್ಲಿಯೂ ಮೂರು ನಾಲ್ಕು ಸಲ ಹಾರಿಸುತ್ತಾನೆ; ಆಮೇಲೆ ನಾಟಿ ಮದ್ದನ್ನು ಕುಡಿಸುತ್ತಾನೆ. ಕಡೆಗೆ ಅದರ ಸುಳಿ ಸರಿಯಿಲ್ಲವೆಂದು ಹೇಳಿ, ಜಾತ್ರೆಯಲ್ಲಿ ಬಂದಷ್ಟು ಬೆಲೆಗೆ ಮಾರಿಬಿಡುತ್ತಾನೆ. ಇಷ್ಟೆಲ್ಲ ನಡೆದರೂ, ಮರಿಯು ಬೆಳೆಯಬೇಕಾದ ಗರ್ಭಕೋಶವು ಯಾವ ಸ್ಥಿತಿಯಲ್ಲಿದೆಯೆಂದು ಒಮ್ಮೆಯಾದರೂ ಪರೀಕ್ಷೆ ಮಾಡಿಸಿದವರು ವಿರಳ. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂಬ ಗಾದೆಯು ಈ ನಡೆವಳಿಕೆಗೆ ಚೆನ್ನಾಗಿ ಒಪ್ಪುತ್ತದೆ.

ಕನ್ನಡನಾಡಿಗೆ ಕುದುರೆ ಸಾಕಣೆಯು ಹೊಸದಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ಲು ಟಿಪ್ಪು ಸುಲ್ತಾನನ ಕಾಲದಿಂದಲೂ ಇದಕ್ಕೆ ಹೆಸರಾಗಿದೆ. ಪಂದ್ಯದ ಕುದುರೆಗಳನ್ನು ಬೆಳೆಸುವ ದೊಡ್ಡ ಸಾಕಣೆಕೇಂದ್ರಗಳಲ್ಲಿ ಪಶುವೈದ್ಯರು ಪರೀಕ್ಷಿಸದೆ ಹೆಣ್ಣುಕುದುರೆಯನ್ನು ಹಾರಿಸುವ ಪದ್ಧತಿಯು ಇಲ್ಲ. ಆದರೆ ತೋಟದ ಮನೆಯಲ್ಲಿ ಒಂದೆರಡು ಮಾರವಾಡಿ ಅಥವಾ ಕಾಠೇವಾಡಿ ಕುದುರೆಗಳನ್ನು ಅಭಿಮಾನದಿಂದ ಸಾಕುವ ಜಮೀನುದಾರರಿಗೂ, ಹೊರೆ ಹೊರುವ ತಟ್ಟುಗಳನ್ನು ಇಟ್ಟುಕೊಂಡಿರುವ ಕುರಿಗಾರರಿಗೂ ಈ ಶಿಸ್ತು ಇನ್ನೂ ತಲುಪಿಲ್ಲ. ಒಂದೇ ಕುದುರೆಯುಳ್ಳವನಿಗೆ ಆಗುವ ನಷ್ಟವು ನೂರು ಕುದುರೆಗಳುಳ್ಳವನ ನಷ್ಟಕ್ಕಿಂತ ಹಗುರವಾದುದಲ್ಲ. ಆದುದರಿಂದ ಎರಡು ನಿಯಮಗಳು ಪ್ರತಿ ಗ್ರಾಮದಲ್ಲಿಯೂ ನೆಲೆಗೊಳ್ಳುವುದು ಅವಶ್ಯಕ. ಗರ್ಭಕೋಶವನ್ನು ಪರೀಕ್ಷಿಸದೆ ಯಾವ ಕುದುರೆಯನ್ನೂ ಗೊಡ್ಡೆಂದು ಕರೆಯಬಾರದು. ಗರ್ಭಕೋಶವು ಶುದ್ಧವಾಗಿದೆಯೆಂದು ತಿಳಿಯದೆ ಯಾವ ಕುದುರೆಯನ್ನೂ ಹಾರಿಸಬಾರದು.

ಗರ್ಭಕೋಶದ ಕೆಲಸ :— ಹೆಣ್ಣುಕುದುರೆಯು ಹಗಲು ದೀರ್ಘವಾಗುವ ಕಾಲದಲ್ಲಿ ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆಯು ಐದರಿಂದ ಏಳು ದಿನಗಳವರೆಗೆ ಇರುತ್ತದೆ. ಅಂಡವು ಬಿಡುಗಡೆಯಾಗುವುದು ಬೆದೆಯ ಮೊದಲಲ್ಲಿ ಅಲ್ಲ; ಅದು ಮುಗಿಯುವುದಕ್ಕೆ ಒಂದೆರಡು ದಿನ ಮುಂಚೆ. ಗಂಡುಕುದುರೆಯು ಹಾರಿದಾಗ ವೀರ್ಯವು ನೇರವಾಗಿ ಗರ್ಭಕೋಶದೊಳಕ್ಕೇ ಬೀಳುತ್ತದೆ. ಅದರ ಸಂಗಡ ಧೂಳು, ಕೊಳೆ, ಸೂಕ್ಷ್ಮಜೀವಿಗಳೂ ಹೋಗುತ್ತವೆ. ಇವುಗಳಿಂದಲೂ, ವೀರ್ಯಾಣುಗಳಿಂದಲೇ ಸಹ, ಗರ್ಭಕೋಶದಲ್ಲಿ ಉರಿಯೂತವು ಹುಟ್ಟುತ್ತದೆ. ಇದು ರೋಗವಲ್ಲ, ಪ್ರಕೃತಿಯ ಏರ್ಪಾಟು. ಬಿಳಿಯ ರಕ್ತಕಣಗಳು ಒಳಸೇರಿ ಕಲ್ಮಷವನ್ನು ನಾಶಮಾಡುತ್ತವೆ; ಗರ್ಭಕೋಶವು ಹಿಂಡಿಕೊಂಡು ದ್ರವವನ್ನು ಹೊರಕ್ಕೆ ತಳ್ಳುತ್ತದೆ. ಆರೋಗ್ಯವುಳ್ಳ ಕುದುರೆಯಲ್ಲಿ ಈ ಕೆಲಸವೆಲ್ಲ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಭ್ರೂಣವು ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುವುದು ಅಂಡವು ಬಿಡುಗಡೆಯಾದ ಐದಾರು ದಿನಗಳ ಮೇಲೆ. ಅಷ್ಟರೊಳಗಾಗಿ ಮನೆಯು ಶುಚಿಯಾಗಿರುತ್ತದೆ.

ಕೆಲವು ಕುದುರೆಗಳಲ್ಲಿ ಈ ತೊಳೆಯುವ ಕೆಲಸವು ಕುಂಟಾಗುತ್ತದೆ. ಹಲವು ಸಲ ಈದ ಕುದುರೆಯಲ್ಲಿ ಗರ್ಭಕೋಶವು ಜೋತು, ಕಟಿಯ ಎಲುಬಿನ ಅಂಚಿಗಿಂತ ಕೆಳಕ್ಕೆ ಇಳಿದಿರುತ್ತದೆ. ದ್ರವವು ಮೇಲೇರಿ ಹೊರಬೀಳಲಾರದು. ವಯಸ್ಸು ಮೀರಿದ ಮೇಲೆ ಮೊದಲನೆಯ ಸಲ ಹಾರಿಸಲ್ಪಟ್ಟ ಕುದುರೆಯಲ್ಲಿ ಗರ್ಭಕೋಶದ ಬಾಯಿಯೇ ಸರಿಯಾಗಿ ತೆರೆಯದೆ ದ್ರವವು ಒಳಗೆ ನಿಲ್ಲುತ್ತದೆ. ಹೀಗೆ ನಿಂತ ದ್ರವದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ; ಇಳಿದುಬಂದ ಭ್ರೂಣವು ಅಲ್ಲಿ ಬದುಕುವುದಿಲ್ಲ. ಇಂತಹ ಕುದುರೆಯು ಗಬ್ಬವಾಗಲಿಲ್ಲವೆಂದು ಒಡೆಯನು ಮರಳಿ ಮರಳಿ ಹಾರಿಸಿದಷ್ಟೂ ಒಳಗಿನ ಕಲ್ಮಷವನ್ನು ತಾನೇ ಹೆಚ್ಚಿಸಿದಂತಾಗುತ್ತದೆ. ಕೆಸರಾಗಿ ನಿಂತ ನೆಲದಲ್ಲಿ ಬೀಜ ಕೊಳೆತರೆ ರೈತನು ಮೊದಲು ನೀರನ್ನು ಬಸಿಯುತ್ತಾನೆಯೇ ಹೊರತು ಅದರ ಮೇಲೆಯೇ ಮತ್ತೆ ಬಿತ್ತುವುದಿಲ್ಲ. ಹೊಲದಲ್ಲಿ ತೋರುವ ಈ ವಿವೇಕವು ಲಾಯದಲ್ಲಿಯೂ ಇರಬೇಕು.

ಕಣ್ಣಿಗೆ ಕಾಣುವ ಕುರುಹುಗಳು :— ಒಳಗಿನ ದೋಷವನ್ನು ನಿರ್ಣಯಿಸುವುದು ಪಶುವೈದ್ಯರ ಕೆಲಸವಾದರೂ, ಅವರನ್ನು ಕರೆಯಬೇಕಾದ ಕಾಲವನ್ನು ಒಡೆಯನು ತಾನೇ ತಿಳಿಯಬಹುದು. ಬಾಲದ ಕೂದಲು ಅಂಟಂಟಾಗಿ ಹತ್ತಿಕೊಂಡಿರುವುದು, ತೊಡೆಯ ಹಿಂಬದಿಯಲ್ಲಿ ಒಣಗಿದ ಸ್ರಾವದ ಕಲೆ ಇರುವುದು ಮೊದಲನೆಯ ಕುರುಹು. ಹಾರಿಸಿದ ಮೇಲೆ 21 ದಿನಗಳವರೆಗೆ ಕಾಯದೆ ಬಹಳ ಮುಂಚಿತವಾಗಿ ಮತ್ತೆ ಬೆದೆಗೆ ಬರುವುದು ಎರಡನೆಯದು. ಗರ್ಭಕೋಶದ ಉರಿಯೂತವೇ ಬೆದೆಯ ಚಕ್ರವನ್ನು ಹೀಗೆ ಮೊಟಕುಗೊಳಿಸುತ್ತದೆ. ಆದರೆ ಕುರುಹೇ ಇಲ್ಲದ ರೋಗವೂ ಉಂಟು. ಗರ್ಭಕೋಶದಲ್ಲಿ ಕೀವು ತುಂಬಿದ್ದರೂ ಮೇವು ತಿಂದುಕೊಂಡು ಮೈತುಂಬಿ ನಿಂತಿರುವ ಕುದುರೆಗಳಿವೆ. ಅಂತಹುದು ಬೆದೆಗೆ ಬಾರದಿದ್ದರೆ ಗಬ್ಬವಾಗಿದೆಯೆಂದು ಒಡೆಯನು ಹಿಗ್ಗುವುದೂ ಉಂಟು. ಮೈ ನೋಡಿ ಒಳಗನ್ನು ಹೇಳಲಾಗದು.

ಬಾಗಿಲಿನ ಕಾವಲು :— ಹೊರಗಿನ ಕೊಳೆಯು ಗರ್ಭಕೋಶಕ್ಕೆ ಹೋಗದಂತೆ ಪ್ರಕೃತಿಯು ಮೂರು ಬಾಗಿಲುಗಳನ್ನು ಇಟ್ಟಿದೆ: ಯೋನಿದ್ವಾರದ ತುಟಿಗಳು, ಅದರ ಒಳಗಿನ ಮಡಿಕೆ, ಗರ್ಭಕೋಶದ ಬಾಯಿ. ತುಟಿಗಳು ನೆಟ್ಟಗೆ ನಿಂತು, ಬಿಗಿಯಾಗಿ ಮುಚ್ಚಿಕೊಂಡು, ಅವುಗಳ ಮೂರರಲ್ಲಿ ಎರಡು ಪಾಲಾದರೂ ಕಟಿಯ ಎಲುಬಿನ ಮಟ್ಟಕ್ಕಿಂತ ಕೆಳಗಿರಬೇಕು. ಕುದುರೆಯು ಮುದಿಯಾದಾಗ, ಬಹಳ ಸಲ ಈದಾಗ, ಅಥವಾ ಮೇವಿಲ್ಲದೆ ಬಡವಾದಾಗ ಗುದವು ಒಳಕ್ಕೆ ಕುಸಿದು ತುಟಿಗಳನ್ನು ಓರೆಯಾಗಿ ಎಳೆಯುತ್ತದೆ. ಆಗ ಲದ್ದಿಯು ನೇರವಾಗಿ ಅವುಗಳ ಮೇಲೆಯೇ ಬೀಳುತ್ತದೆ. ನಡೆಯುವಾಗ ಗಾಳಿಯು ಒಳಕ್ಕೆ ಸೇದಲ್ಪಡುತ್ತದೆ. ಬಾಗಿಲು ಮುರಿದ ಮನೆಯನ್ನು ಎಷ್ಟು ಗುಡಿಸಿದರೂ ಫಲವೇನು?

ಈ ದೋಷಕ್ಕೆ ಅಮೆರಿಕದ ಕ್ಯಾಸ್ಲಿಕ್ ಎಂಬ ಪಶುವೈದ್ಯರು 1937ರಲ್ಲಿ ಒಂದು ಸುಲಭವಾದ ಉಪಾಯವನ್ನು ಪ್ರಕಟಿಸಿದರು. ತುಟಿಗಳ ಅಂಚನ್ನು ತೆಳುವಾಗಿ ಕತ್ತರಿಸಿ, ಮೇಲುಭಾಗವನ್ನು ಹೊಲಿದು, ಮೂತ್ರಕ್ಕೆ ಕೆಳಗೆ ದಾರಿ ಬಿಡುವುದೇ ಆ ಶಸ್ತ್ರಕ್ರಿಯೆ. ಆ ಜಾಗವನ್ನು ಮದ್ದಿನಿಂದ ಮರಗಟ್ಟಿಸಿ, ನಿಂತ ಕುದುರೆಗೇ ಇದನ್ನು ಮಾಡಬಹುದು. ಇಂದಿಗೂ ಲೋಕದ ಅನೇಕ ಕುದುರೆ ಸಾಕಣೆಕೇಂದ್ರಗಳಲ್ಲಿ ಇದು ಬಳಕೆಯಲ್ಲಿದೆ. ವರ್ಷಗಟ್ಟಲೆ ಗೊಡ್ಡಾಗಿದ್ದ ಕುದುರೆಗಳು ಕೆಲವು ಹೊಲಿಗೆಗಳಿಂದ ಮರಿತಾಯಿಗಳಾದುವೆಂದರೆ, ಕೊರತೆಯು ಹಣೆಬರಹದಲ್ಲಿ ಇರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಒಂದು ಎಚ್ಚರಿಕೆಯು ಮಾತ್ರ ಅವಶ್ಯಕ: ಈಯುವ ಕಾಲವು ಹತ್ತಿರವಾದಾಗ ಹೊಲಿಗೆಯ ಭಾಗವನ್ನು ಪಶುವೈದ್ಯರಿಂದ ಮರಳಿ ಬಿಡಿಸದಿದ್ದರೆ ಮರಿಯು ಹೊರಬರುವಾಗ ಅಂಗವು ಹರಿದುಹೋಗುತ್ತದೆ.

ಈಯುವ ಕಾಲದ ತಪ್ಪುಗಳು :— ಅನೇಕ ಕುದುರೆಗಳ ಗೊಡ್ಡುತನವು ಹಿಂದಿನ ಸಲ ಈದ ರಾತ್ರಿಯೇ ಹುಟ್ಟಿರುತ್ತದೆ. ಹಸುವಿನ ಮಾಸು ಬೀಳಲು ಅರ್ಧ ದಿನ ಕಾಯುವ ವಾಡಿಕೆಯುಂಟು. ಅದೇ ಲೆಕ್ಕವನ್ನು ಕುದುರೆಗೆ ಹಿಡಿಯುವುದು ದೊಡ್ಡ ಅನಾಹುತಕ್ಕೆ ಕಾರಣ. ಕುದುರೆಯ ಮಾಸು ಮೂರು ಗಂಟೆಗಳೊಳಗೆ ಬೀಳದಿದ್ದರೆ ಅದನ್ನು ಅಪಾಯವೆಂದೇ ಎಣಿಸಿ ಕೂಡಲೇ ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ತಡವಾದರೆ ಗರ್ಭಕೋಶವು ಕೊಳೆತು, ವಿಷವು ರಕ್ತಕ್ಕೆ ಸೇರಿ, ಗೊರಸಿನೊಳಗೆ ಉರಿಯೂತವು ಹುಟ್ಟಿ, ಕುದುರೆಯು ಕಾಲೂರಲಾರದೆ ಸಾಯುವುದೂ ಉಂಟು. ನೇತಾಡುವ ಮಾಸಿಗೆ ಕಲ್ಲು ಕಟ್ಟುವುದು, ಕೈಯಿಂದ ಜಗ್ಗುವುದು, ತೊಳೆಯದ ಕೈಯನ್ನು ಒಳಗೆ ಹಾಕುವುದು, ಇವೆಲ್ಲ ಬಿಡತಕ್ಕ ಪದ್ಧತಿಗಳು. ಕುದುರೆಯು ತುಳಿಯದಂತೆ ಮಾಸನ್ನು ಮೇಲಕ್ಕೆ ಗಂಟುಹಾಕಿ ಬಿಡುವುದೊಂದೇ ಮನೆಯವರು ಮಾಡಬೇಕಾದುದು. ಬಿದ್ದ ಮಾಸನ್ನು ಕೂಡಲೇ ಹೂಳದೆ ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು. ಅದರ ಒಂದು ತುದಿಯು ಹರಿದು ಒಳಗೇ ಉಳಿದಿದ್ದರೆ ಅವರಿಗೆ ಗೊತ್ತಾಗುತ್ತದೆ.

ಈದ ಮೇಲಿನ ಆತುರವು ಇನ್ನೊಂದು ತಪ್ಪು. ಕುದುರೆಯು ಗಬ್ಬವನ್ನು ಹೊರುವುದು ಸುಮಾರು 340 ದಿನ. ವರ್ಷಕ್ಕೆ 365 ದಿನ. ಪ್ರತಿವರ್ಷವೂ ಅದೇ ಕಾಲಕ್ಕೆ ಮರಿ ಬೇಕೆಂದರೆ ಈದ 25 ದಿನಗಳೊಳಗೆ ಮತ್ತೆ ಗಬ್ಬವಾಗಬೇಕು. ಈ ಲೆಕ್ಕವು ಒಡೆಯನನ್ನು ಅವಸರಪಡಿಸುತ್ತದೆ. ಈದ ಎಂಟು ಹತ್ತು ದಿನಗಳಲ್ಲಿ ಕುದುರೆಯು ಬೆದೆಗೆ ಬರುವುದೂ ನಿಜವೇ. ಸುಖವಾಗಿ ಈದು, ಮಾಸು ಬೇಗ ಬಿದ್ದು, ಪರೀಕ್ಷೆಯಲ್ಲಿ ಗರ್ಭಕೋಶವು ನಿರ್ಮಲವಾಗಿ ಕಂಡರೆ ಆ ಬೆದೆಯಲ್ಲಿ ಹಾರಿಸಲು ಅಡ್ಡಿಯಿಲ್ಲ. ಹೆರಿಗೆಯು ಕಷ್ಟವಾಗಿದ್ದರೆ, ಮಾಸು ನಿಂತಿದ್ದರೆ, ಒಳಗೆ ದ್ರವವಿದ್ದರೆ ಆ ಬೆದೆಯನ್ನು ಬಿಟ್ಟು, ಸುಮಾರು 30ನೆಯ ದಿನದ ಬೆದೆಗೆ ಕಾಯುವುದೇ ಜಾಣತನ. ಮೂರು ವಾರಗಳನ್ನು ಉಳಿಸಲು ಹೋಗಿ ಇಡೀ ವರ್ಷವನ್ನು ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಮದ್ದಿನ ಮಿತಿ :— ಪರೀಕ್ಷೆಯಿಲ್ಲದೆ ಹಾರಿಸುವುದು ಎಷ್ಟು ತಪ್ಪೋ ಪರೀಕ್ಷೆಯಿಲ್ಲದೆ ಮದ್ದು ಹಾಕಿಸುವುದೂ ಅಷ್ಟೇ ತಪ್ಪು. ಗಬ್ಬವಾಗದ ಕುದುರೆಗೆಲ್ಲ ಸೂಕ್ಷ್ಮಜೀವಿನಾಶಕ ಔಷಧವನ್ನು ಗರ್ಭಕೋಶಕ್ಕೆ ಸುರಿಸಬೇಕೆಂದು ಹಟಹಿಡಿಯುವ ಒಡೆಯರೂ ಇದ್ದಾರೆ. ರೋಗವನ್ನು ಹುಟ್ಟಿಸುವ ಜೀವಿಗಳಲ್ಲಿ ಭೇದಗಳುಂಟು: ಸ್ಟ್ರೆಪ್ಟೊಕಾಕಸ್ ಒಂದು ಬಗೆ, ಕರುಳಿನಲ್ಲಿರುವ ಈ. ಕೋಲಿ ಇನ್ನೊಂದು, ಕ್ಲೆಬ್ಸಿಯೆಲ್ಲ ಮತ್ತು ಸ್ಯೂಡೊಮೊನಾಸ್ ಮತ್ತೊಂದು ಬಗೆ. ಒಂದನ್ನು ಕೊಲ್ಲುವ ಮದ್ದು ಮತ್ತೊಂದನ್ನು ಮುಟ್ಟದೆ ಹೋಗಬಹುದು. ಪದೇಪದೇ ಇಂತಹ ಮದ್ದನ್ನು ಹಾಕಿದ ಗರ್ಭಕೋಶದಲ್ಲಿ ಬೂಷ್ಟಿನ ಜಾತಿಯ ಜೀವಿಗಳು ನೆಲೆಗೊಂಡರೆ ಅವುಗಳನ್ನು ತೆಗೆಯುವುದು ಇನ್ನೂ ಕಷ್ಟ. ಆದುದರಿಂದ ಪಶುವೈದ್ಯರು ಮೊದಲು ಗರ್ಭಕೋಶದಿಂದ ಮಾದರಿಯನ್ನು ತೆಗೆದು, ಯಾವ ಜೀವಿ, ಯಾವ ಮದ್ದು ಎಂಬುದನ್ನು ಪ್ರಯೋಗಶಾಲೆಯಲ್ಲಿ ಗೊತ್ತುಮಾಡಿಸುತ್ತಾರೆ. ಈ ಕೆಲವು ದಿನಗಳ ತಡಕ್ಕೆ ಒಡೆಯನು ಬೇಸರಪಡಬಾರದು.

ದ್ರವವು ನಿಲ್ಲುವ ಸ್ವಭಾವದ ಕುದುರೆಗೆ ಮದ್ದಿಗಿಂತ ತೊಳೆಯುವುದೇ ಹೆಚ್ಚು ಹಿತ. ವೀರ್ಯಾಣುಗಳು ಹಾರಿಸಿದ ನಾಲ್ಕು ಗಂಟೆಗಳೊಳಗೆ ಅಂಡನಾಳವನ್ನು ಸೇರಿರುತ್ತವೆ. ಅನಂತರ ಪಶುವೈದ್ಯರು ಶುದ್ಧವಾದ ಲವಣಜಲದಿಂದ ಗರ್ಭಕೋಶವನ್ನು ತೊಳೆದು, ಅದು ಹಿಂಡಿಕೊಳ್ಳುವಂತೆ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದನ್ನು ಕೊಟ್ಟರೆ ಗಬ್ಬಕ್ಕೆ ಹಾನಿಯಿಲ್ಲದೆ ಕಲ್ಮಷವು ಹೋಗುತ್ತದೆ. ಇಂತಹ ಕುದುರೆಯನ್ನು ಒಂದು ಬೆದೆಯಲ್ಲಿ ಒಂದೇ ಸಲ, ಅಂಡವು ಬಿಡುಗಡೆಯಾಗುವ ಸಮೀಪದಲ್ಲಿ ಹಾರಿಸಬೇಕು. ವೀರ್ಯವು ಸುಮಾರು ಎರಡು ದಿನ ಒಳಗೆ ಬದುಕಿರುವುದರಿಂದ ಹೆಚ್ಚು ಸಲ ಹಾರಿಸಿದರೆ ಹೆಚ್ಚು ಫಲವೆಂಬ ನಂಬಿಕೆಗೆ ಆಧಾರವಿಲ್ಲ.

ಬೀಜದ ಕುದುರೆಯ ಪಾಲು :— ದೋಷವೆಲ್ಲ ಹೆಣ್ಣಿನದೇ ಎಂಬ ತೀರ್ಮಾನವೂ ಸರಿಯಲ್ಲ. 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ ಹೆಸರಾಂತ ಕುದುರೆಗಳಲ್ಲಿ ಗರ್ಭಕೋಶದ ಒಂದು ಹೊಸ ಅಂಟುರೋಗವು ಕಾಣಿಸಿಕೊಂಡಿತು. ಹೆಣ್ಣುಕುದುರೆಗಳು ಹೇರಳವಾಗಿ ಸ್ರವಿಸಿ, ಗಬ್ಬ ನಿಲ್ಲದೆ ಬೇಗನೆ ಬೆದೆಗೆ ಬರುತ್ತಿದ್ದುವು. ರೋಗವನ್ನು ಹರಡುತ್ತಿದ್ದ ಗಂಡುಕುದುರೆಗಳಲ್ಲಿಯಾದರೋ ರೋಗದ ಕುರುಹು ಲವಲೇಶವೂ ಇರಲಿಲ್ಲ. ಮರುವರ್ಷವೇ ಅದು ಅಮೆರಿಕದ ಕೆಂಟಕಿಯಲ್ಲಿಯೂ ಕಾಣಿಸಿತು. ಅಂದಿನಿಂದ ಹಲವು ದೇಶಗಳಲ್ಲಿ ಹಾರಿಸುವುದಕ್ಕೆ ಮುಂಚೆ ಗಂಡು ಹೆಣ್ಣುಗಳೆರಡರ ಮಾದರಿಯನ್ನೂ ಪರೀಕ್ಷಿಸುವ ಕಟ್ಟಳೆಯು ನಡೆದುಬಂದಿದೆ. ಭಾರತದಲ್ಲಿಯೂ ಹಾರುವಾಗ ಅಂಟುವ ಡೂರಿನ್ ಎಂಬ ಕುದುರೆಯ ರೋಗವನ್ನು ತಡೆಯುವುದಕ್ಕಾಗಿ 1910ರಲ್ಲಿಯೇ ಒಂದು ಕಾಯಿದೆಯಾಗಿತ್ತು. 2009ರಲ್ಲಿ ಎಲ್ಲ ಸಾಕುಪ್ರಾಣಿಗಳ ಅಂಟುರೋಗಗಳಿಗೂ ಅನ್ವಯಿಸುವ ವಿಶಾಲವಾದ ಕಾಯಿದೆಯು ಅದರ ಸ್ಥಾನಕ್ಕೆ ಬಂದಿತು. ಕಾಯಿದೆಯ ಕಣ್ಣು ಪ್ರತಿ ಲಾಯಕ್ಕೂ ತಲುಪಲಾರದು. ಆ ಕೆಲಸವನ್ನು ಊರವರ ವಿವೇಕವೇ ಮಾಡಬೇಕು. ಬೀಜದ ಕುದುರೆಯನ್ನಿಟ್ಟವನು ಹಾರಿಸುವ ಕೂಲಿಯ ಆಸೆಗೆ ಸ್ರವಿಸುತ್ತಿರುವ ಹೆಣ್ಣನ್ನು ಒಪ್ಪಿಕೊಂಡರೆ, ಆಮೇಲೆ ಬರುವ ಹತ್ತು ಹೆಣ್ಣುಗಳಿಗೆ ಅದೇ ರೋಗವನ್ನು ಹಂಚಿದವನಾಗುತ್ತಾನೆ.

ಗಬ್ಬದ ಪರೀಕ್ಷೆ :— ಹಾರಿಸಿದ ಹದಿನಾಲ್ಕು ಹದಿನೈದನೆಯ ದಿನಕ್ಕೆ ಅಲ್ಟ್ರಾಸೌಂಡ್ ಯಂತ್ರದಿಂದ ಗಬ್ಬವನ್ನು ಗುರುತಿಸಬಹುದು. ಆಗ ಅವಳಿಯಿದ್ದರೂ ತಿಳಿಯುತ್ತದೆ. ಕುದುರೆಯ ಗರ್ಭಕೋಶವು ಅವಳಿಯನ್ನು ಹೊರಲು ತಕ್ಕುದಲ್ಲ. ಬಿಟ್ಟರೆ ಬಹುಮಟ್ಟಿಗೆ ಎರಡೂ ಹಾಳಾಗಿ ಕುದುರೆಯು ಕಂದುಹಾಕುತ್ತದೆ. ಭ್ರೂಣಗಳು 16ನೆಯ ದಿನದ ಸುಮಾರಿಗೆ ನೆಲೆಯೂರುವ ಮುಂಚೆ ಪಶುವೈದ್ಯರು ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬಲ್ಲರು. ಸುಮಾರು 35 ದಿನ ಕಳೆದ ಮೇಲೆ ಗರ್ಭಕೋಶದಲ್ಲಿ ಬಟ್ಟಲಿನಂತಹ ಸಣ್ಣ ರಚನೆಗಳು ಹುಟ್ಟುತ್ತವೆ. ಆಮೇಲೆ ಗಬ್ಬವು ಹೋದರೂ ನಾಲ್ಕನೆಯ ತಿಂಗಳವರೆಗೆ ಕುದುರೆಯು ಸಾಧಾರಣವಾಗಿ ಗಬ್ಬಕ್ಕೆ ತಕ್ಕ ಬೆದೆಗೆ ಬರುವುದಿಲ್ಲ. ಆ ವರ್ಷವೇ ಕೈಬಿಟ್ಟಂತೆ. ಬೆದೆಗೆ ಬಾರದಿರುವುದೇ ಗಬ್ಬದ ಸಾಕ್ಷಿಯೆಂದು ಕುಳಿತವನಿಗೆ ಈ ಮೋಸವು ತಿಳಿಯುವುದು ಮರಿಗಾಗಿ ಹುಲ್ಲು ಹಾಸಿದ ದಿನವೇ.

ನಿಲ್ಲಿಸಬೇಕಾದ ಕಾಲ :— ಪರೀಕ್ಷೆಯ ಇನ್ನೊಂದು ಪ್ರಯೋಜನವೆಂದರೆ ಆಸೆಯನ್ನು ಬಿಡತಕ್ಕ ಕಾಲವನ್ನೂ ಅದು ತಿಳಿಸುತ್ತದೆ. ಗರ್ಭಕೋಶದ ಒಳಪೊರೆಯ ಸಣ್ಣ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ದರ್ಜೆ ಕಟ್ಟುವ ಕ್ರಮವನ್ನು ಅಮೆರಿಕದ ಕೆನಿ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದರು. 1986ರಲ್ಲಿ ಡಾಯ್ಗ್ ಎಂಬವರೊಡನೆ ಅದನ್ನು ತಿದ್ದಿದರು. ಮೊದಲನೆಯ ದರ್ಜೆಯ ಕುದುರೆಗಳಲ್ಲಿ ನೂರಕ್ಕೆ 80ರಿಂದ 90 ಮರಿಹಾಕುವುವು. ಎರಡನೆಯ ದರ್ಜೆಯ ಮೇಲುಭಾಗದಲ್ಲಿ 50ರಿಂದ 80, ಕೆಳಭಾಗದಲ್ಲಿ 10ರಿಂದ 50. ಮೂರನೆಯ ದರ್ಜೆಯಲ್ಲಿ ನೂರಕ್ಕೆ ಹತ್ತೂ ಇಲ್ಲ. ಒಳಪೊರೆಯು ನಾರುಗಟ್ಟಿದ ಮೂರನೆಯ ದರ್ಜೆಯ ಕುದುರೆಯನ್ನು ವರ್ಷವರ್ಷವೂ ಹಾರಿಸುವುದು ಹಣಕ್ಕೂ ಪ್ರಾಣಿಗೂ ಹಿಂಸೆ. ಅದು ಸವಾರಿಗೋ ಗಾಡಿಗೋ ಒದಗೀತು. ಮಾರುವುದಾದರೆ ಕೊಳ್ಳುವವನಿಗೆ ನಿಜವನ್ನು ತಿಳಿಸಿ ಮಾರುವುದು ಧರ್ಮ.

ಖರ್ಚಿನ ಮಾತು :— ಇಷ್ಟೆಲ್ಲ ಪರೀಕ್ಷೆಗೆ ಹಣವೆಲ್ಲಿಯದು ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಮರಿಯಿಲ್ಲದ ವರ್ಷದಲ್ಲಿಯೂ ಕುದುರೆಯು ಹುರುಳಿಯನ್ನೂ ಹುಲ್ಲನ್ನೂ ತಿಂದೇ ತಿನ್ನುತ್ತದೆ. ಚಾಕರಿಯವನ ಸಂಬಳವು ನಿಲ್ಲುವುದಿಲ್ಲ. ಹಾರಿಸಿದ ಕೂಲಿಯು ಮರಳಿ ಬರುವುದಿಲ್ಲ. ಇವುಗಳ ಮೊತ್ತವನ್ನು ಒಂದು ಕಡೆಯಲ್ಲಿಯೂ ಪರೀಕ್ಷೆಯ ಖರ್ಚನ್ನು ಇನ್ನೊಂದು ಕಡೆಯಲ್ಲಿಯೂ ಬರೆದು ನೋಡಿದರೆ ಉತ್ತರವು ತಾನಾಗಿ ದೊರೆಯುತ್ತದೆ. ಖರ್ಚಿಲ್ಲದ ಕೆಲಸಗಳೂ ಹಲವಿವೆ: ಹಾರಿಸುವ ಮುಂಚೆ ಬಾಲಕ್ಕೆ ಶುಭ್ರವಾದ ಬಟ್ಟೆ ಸುತ್ತುವುದು, ಯೋನಿದ್ವಾರವನ್ನು ಶುದ್ಧಜಲದಿಂದ ತೊಳೆದು ಒರೆಸುವುದು, ಈಯುವ ಲಾಯಕ್ಕೆ ಹೊಸ ಹುಲ್ಲು ಹಾಸುವುದು, ಕುದುರೆಯನ್ನು ಎಲುಬು ಕಾಣುವಷ್ಟು ಬಡಕಲಾಗಿಸದಿರುವುದು. ಇವಕ್ಕೆ ಬೇಕಾದುದು ಹಣವಲ್ಲ, ಲಕ್ಷ್ಯ.

ಊರಿನ ಮುಖಂಡರ ಕರ್ತವ್ಯವು ಇಲ್ಲಿ ದೊಡ್ಡದು. ಸುತ್ತಲಿನ ಗ್ರಾಮಗಳಲ್ಲಿ ಐದಾರು ಹೆಣ್ಣುಕುದುರೆಗಳಿದ್ದರೆ, ಹಾರಿಸುವ ಕಾಲಕ್ಕೆ ಮುಂಚೆ ಒಂದು ದಿನ ಅವುಗಳನ್ನೆಲ್ಲ ಒಂದೆಡೆ ಸೇರಿಸಿ, ತಾಲ್ಲೂಕಿನ ಪಶುವೈದ್ಯರನ್ನು ಬರಮಾಡಿಕೊಂಡು ಪರೀಕ್ಷೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಬೀಜದ ಕುದುರೆಯನ್ನಿಟ್ಟವರು ಒಂದು ದಪ್ಪ ಪುಸ್ತಕವನ್ನಿಟ್ಟು, ಹಾರಿಸಿದ ತಾರೀಖು, ಹೆಣ್ಣಿನ ಗುರುತು ಮತ್ತು ವಯಸ್ಸು, ಮತ್ತೆ ಬೆದೆಗೆ ಬಂದ ದಿನ, ಈದ ದಿನ, ಮಾಸು ಬಿದ್ದ ವೇಳೆ, ಇಷ್ಟನ್ನು ಬರೆಯಿಸಬೇಕು. ಒಂದೇ ಹೆಣ್ಣು ಹಲವು ಗಂಡುಗಳಿಗೆ ನಿಲ್ಲದಿದ್ದರೆ ದೋಷವು ಹೆಣ್ಣಿನಲ್ಲಿ. ಒಂದೇ ಗಂಡಿಗೆ ಹಲವು ಹೆಣ್ಣುಗಳು ನಿಲ್ಲದಿದ್ದರೆ ಗಂಡನ್ನು ಪರೀಕ್ಷಿಸಬೇಕು. ಇಷ್ಟು ಸರಳವಾದ ವಿಚಾರವೂ ಪುಸ್ತಕವಿಲ್ಲದೆ ತಿಳಿಯದು. ನೆನಪು ಯಾವಾಗಲೂ ಒಡೆಯನ ಪಕ್ಷವನ್ನೇ ವಹಿಸುತ್ತದೆ.

ಮೂಕಪ್ರಾಣಿಯು ತನ್ನ ಒಳಗಿನ ನೋವನ್ನು ಹೇಳಲಾರದು. ತನ್ನ ಮೇಲೆ ಹೊರಿಸಿದ ಹೆಸರನ್ನು ಅಲ್ಲವೆನ್ನಲೂ ಆರದು. ಸುಳಿಯನ್ನು ನೋಡಿ ತೀರ್ಪು ಕೊಡುವ ಕಾಲವು ಕಳೆಯಿತು. ಮುಂದಿನ ಸಲ ಊರಿನಲ್ಲಿ ಯಾರಾದರೂ ತಮ್ಮ ಕುದುರೆಯನ್ನು ಗೊಡ್ಡೆಂದು ಹೇಳಿದಾಗ, ಪಶುವೈದ್ಯರು ಏನು ಕಂಡರು ಎಂಬ ಒಂದು ಪ್ರಶ್ನೆಯನ್ನು ಮುಖಂಡರು ಕೇಳಿದರೆ ಸಾಕು. ಉತ್ತರವಿಲ್ಲದಿದ್ದರೆ ಆ ಕುದುರೆಯ ವಿಚಾರಣೆಯು ಇನ್ನೂ ಮುಗಿದಿಲ್ಲವೆಂದು ತಿಳಿಯತಕ್ಕದ್ದು.